ನನ್ನ ಮೂಗು, ಚಿಕ್ಕಮ್ಮನ ಪೋಸ್ಟರು

ಈ ಪೋಸ್ಟರಿಗೆ ನನಗೆ ಬಿದ್ದ ಖರ್ಚು: ಮೂರು ಮಧ್ಯಾಹ್ನ, ಲೆಕ್ಕವಿಲ್ಲದಷ್ಟು ಲೋಟ ಕಷಾಯ ಮತ್ತು ನನ್ನ ಮೂಗು. ದುಬಾರಿಯಾಯಿತೆನ್ನಬೇಡಿ. ರಸ್ತೆ ಅಗಲವಾಗಿ, ಸಾಗರದ ಪೇಟೆಯಲ್ಲಿದ್ದ ನನ್ನ ಸ್ಟೌ, ಕುಕ್ಕರ್ ರಿಪೇರಿ ಅಂಗಡಿ ಹಿಂದಿನ ಓಣಿಗೆ ಸರಿದಿತ್ತು. ಗಿರಾಕಿಗಳು ಹಳೆಯ ಜಾಗ ನೋಡಿ, ಅಂಗಡಿ ಮುಚ್ಚಿತೆಂದು ವಾಪಸಾಗುತ್ತಿದ್ದರು. ಇನ್ನೆರಡು ತಿಂಗಳು ಹೀಗೇ ನಡೆದಿದ್ದರೆ ಅದು ನಿಜವೂ ಆಗುತ್ತಿತ್ತು!

ಪೇಟೆಯಲ್ಲಿ ಪೋಸ್ಟರ್ ಮಾಡುವವರಿಲ್ಲವೇ? ಇದ್ದಾರೆ. ಆದರೆ ಚಿತ್ರ ಬರೆಯುವ ಚಿಕ್ಕಮ್ಮ ಇರುವಾಗ ಅವರಿಗೆ ದುಡ್ಡು ಯಾಕೆ ಕೊಡಲಿ ಎಂದುಕೊಂಡೆ. ಈ ಭೂಮಿಯ ಮೇಲೆ ನಾನು ಚೌಕಾಸಿಯಲ್ಲಿ ಸೋತಿರುವುದೂ ಅವಳೊಬ್ಬಳ ಹತ್ತಿರ ಮಾತ್ರ. ವಯಸ್ಸು ಅರವತ್ತೆಂಟು. ವ್ಯಂಗ್ಯಚಿತ್ರ ಬರೆಯುವುದು ಟ್ಯಾಬಿನಲ್ಲಿ. ಅಂಗೈ ತಾಗಿ ಗೆರೆ ಕೆಡಬಾರದೆಂದು ಬಲಗೈಗೆ ಚಿಕ್ಕಪ್ಪನ ಹಳೇ ಕಾಲುಚೀಲ! ಅದಕ್ಕೂ ಮೊದಲಿನ ಪೆನ್ಸಿಲ್ ಚಿತ್ರ ಮಾತ್ರ ಮದುವೆ ಕಾಗದದ ಬೆನ್ನ ಮೇಲೇ ಆಗಬೇಕು. ಹಾಗೆ ಬರೆದ ಬೆಕ್ಕೊಂದನ್ನು ಅವಳು ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಟ್ಟಿದ್ದರಿಂದ ಮದುವೆಯ ತಾರೀಕೂ ಅದರ ಜೊತೆ ಹೋಗಿ, ನಾವೆಲ್ಲ ಒಂದು ಮದುವೆ ಊಟ ಕಳೆದುಕೊಂಡಿದ್ದೇವೆ!

ಪೆನ್ಸಿಲ್ ಚಿತ್ರದ ಫೋಟೊ ಹೊಡೆದು ಟ್ಯಾಬಿಗೆ ಹಾಕಿ, ಅದರ ಮೇಲೆ ಗೆರೆಗೊಂದು ಲೇಯರ್, ಬಣ್ಣಕ್ಕೊಂದು ಲೇಯರ್. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ; ಬೇಡದ್ದನ್ನು ಎತ್ತಿಟ್ಟರಾಯಿತು. ನನ್ನ ಮೂಗಿಗೂ ಒಂದು ಪ್ರತ್ಯೇಕ ಲೇಯರ್!

“ಚಿಕ್ಕಮ್ಮ, ಮೂಗು ಸ್ವಲ್ಪ ಕಮ್ಮಿ ಮಾಡು.”

ಟಕ್ಕನೆ ಒತ್ತಿದಳು. “ಈಗ ಹ್ಯಾಂಗಿದೆ?”

“ಅಯ್ಯೋ, ಮೂಗೇ ಇಲ್ವಲ್ಲ!”

“ನಿನ್ನ ಅಂಗಡೀಲಿ ಒಂದೇ ರೇಟು ಅಂತ ಬೋರ್ಡ್ ಹಾಕಿದ್ಯಲ್ಲ ಮಾರಾಯ. ಇಲ್ಲೂ ಹಾಗೇ. ಇದ್ರೆ ಪೂರ್ತಿ, ಇಲ್ದಿದ್ರೆ ಇಲ್ಲ.”

ಮೂಗು ಪೂರ್ತಿ ವಾಪಸು ಬಂತು. ಮೂರನೆಯ ದಿನ ಚಿತ್ರ ಮುಗಿಯಿತು. ನಾನು, ನನ್ನ ಮೂಗು, ಒಂದು ಕಾಲದಲ್ಲಿ ಇಕ್ಕೇರಿ ಕಡೆಯ ಮನೆಮನೆಗೆ ಸ್ಟೌ ರಿಪೇರಿಗೆ ನಾನು ಹತ್ತಿ ಹೋಗುತ್ತಿದ್ದ ಹಳೇ ಸೈಕಲ್ಲು, ಅದರ ಹ್ಯಾಂಡಲಿಗೆ ಜೋತುಬಿದ್ದ ಒಂದು ಡಬ್ಬಿ. ಫೋನ್ ನಂಬರಿಗೇ ಜಾಗ ಸಾಲದು!

“ಆ ಡಬ್ಬಿ ತೆಗಿ ಚಿಕ್ಕಮ್ಮ. ಎಂತಕ್ಕೆ ಅದು?”

“ಅದೊಂದು ತೆಗಿಯಲ್ಲ. ಬೇಕಾರೆ ನಿನ್ನೇ ತೆಗಿತೀನಿ.”

ಬೆರಳಿಂದ ಹಿಗ್ಗಿಸಿ ನೋಡಿದೆ. ಡಬ್ಬಿಯ ಮುಚ್ಚಳಕ್ಕೆ ಹಸಿರು ಸೀರೆಯ ಅಂಚಿನ ಚೂರೊಂದನ್ನು ಕಟ್ಟಿದ ಹಾಗೆ ಬರೆದಿದ್ದಳು. ಮುಚ್ಚಳ ಸಡಿಲವೆಂದು ದಿನಾ ಬೆಳಗ್ಗೆ ಚಿಕ್ಕಮ್ಮನೇ ಬಿಗಿದು ಕಟ್ಟಿ ಕಳಿಸುತ್ತಿದ್ದ ಬುತ್ತಿ ಅದು. ಯಾರ ಹಂಗೂ ಇಲ್ಲದೆ ಮೇಲೆ ಬಂದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು ನಾನು! ಅವಳೆದುರಿಗೂ ಹೇಳಿದ್ದೇನೆ. ಅವಳು ಹೂಂ ಅಂದಿದ್ದಾಳೆ.

ನಂಬರನ್ನು ಚಿಕ್ಕದಾಗಿ ಕೆಳಗೆ ಬರೆಸಿದೆ. ಪೋಸ್ಟರ್ ಓಣಿಯ ಬಾಯಿಗೆ ಏರಿದ ದಿನವೇ ಹಳೇ ಗಿರಾಕಿಯೊಬ್ಬರು ಕುಕ್ಕರ್ ಹಿಡಿದು ಬಂದು, “ಮೂಗು ನೋಡಿ ಗೊತ್ತಾಯ್ತು” ಎಂದರು. ಚಿತ್ರ ಬರೆದದ್ದು ಯಾರೆಂದು ಅವರು ಕೇಳಲಿಲ್ಲ; ನಾನೇ ಹೇಳಿದೆ. ಬಂದವರಿಗೆಲ್ಲ ಹೇಳುತ್ತಿದ್ದೇನೆ.

ನಿಮಗೊಂದು ಬುದ್ಧಿಮಾತು: ಪೋಸ್ಟರ್ ಮಾಡಿಸಿದರೆ ಪೆನ್ಸಿಲ್ ಚಿತ್ರವನ್ನೂ ಕೇಳಿ ಇಟ್ಟುಕೊಳ್ಳಿ; ಅದರ ಬೆನ್ನಿಗೆ ಯಾರದೋ ಮದುವೆ ಇದ್ದೀತು. ಮೂಗಿಗೆ ಬೇಕಾದರೆ ಚೌಕಾಸಿ ಮಾಡಿ. ಯಾವುದನ್ನಾದರೂ ತೆಗೆಸುವ ಮೊದಲು ಮಾತ್ರ, ಒಮ್ಮೆ ಹಿಗ್ಗಿಸಿ ನೋಡಿ.