ಎರಡು ಸೀಟಿಯ ಮಹಾಸಮರ

ಎಲೈ ಮನೋಮರ್ಕಟವೇ, ಶಾಖೋಪಶಾಖಾಲಂಘನಪ್ರವೀಣನೇ, ಫ್ಯಾನಿನ ರೆಕ್ಕೆಯಿಂದ ಹಲ್ಲಿಯ ಬಾಲಕ್ಕೂ ಹಲ್ಲಿಯ ಬಾಲದಿಂದ ಪಕ್ಕದ ಮನೆಯ ಒಗ್ಗರಣೆಗೂ ಅರೆಗಳಿಗೆಯಲ್ಲಿ ನೆಗೆಯಬಲ್ಲ ಮಹಾಪರಾಕ್ರಮಿಯೇ, ಮೊದಲ ವಂದನೆ ನಿನಗೆ! ಈ ಕಥೆ ಮುಗಿಯುವ ತನಕ ನನ್ನ ನಾಲಗೆಯ ಮೇಲೆ ಕದಲದೆ ಕೂತಿರು. ಅದು ನಿನ್ನಿಂದಾಗದ ಕೆಲಸವೆಂದು ಬಲ್ಲೆ. ಆದರೂ ಕೇಳುವುದು ನನ್ನ ಧರ್ಮ.

ಎಸ್ಸೆಸ್ಸೆಲ್ಸಿಯೆಂಬ ಘಟಸರ್ಪವು ಮನೆಮನೆಯ ಹೊಸ್ತಿಲಲ್ಲಿ ಹೆಡೆಯೆತ್ತಿ ನಿಂತಿದ್ದ ಕಾಲವದು. ಹೊಸದುರ್ಗವೆಂಬ ಪಟ್ಟಣದಲ್ಲಿ ಇಂಚರೆಯೆಂಬ ಹತ್ತನೇ ತರಗತಿಯ ವೀರಕನ್ಯೆಯಿದ್ದಳು. ಖೋಖೋ ಅಂಗಳದಲ್ಲಿ ಆಕೆ ವಾಯುವೇಗಸಂಪನ್ನೆ; ಪುಸ್ತಕದ ಮುಂದೆ ಕೂತಳೋ, ಆ ವೇಗವೆಲ್ಲ ಮನಸ್ಸಿಗೆ ಹೋಗಿ ಆಕೆ ಬೇರೆಲ್ಲೋ ಇರುತ್ತಿದ್ದಳು. ಹೋಂವರ್ಕ್ ಆರಂಭಿಸಿದ್ದುಂಟು, ಮುಗಿಸಿದ್ದನ್ನು ಕಂಡ ನರಪಿಳ್ಳೆಯಿಲ್ಲ. ಸೋಮಾರಿ ಎಂದವರ ಬಾಯಿಗೆ ಕಡೆಗೆ ಬೀಗ ಹಾಕಿದವರು ಚಿತ್ರದುರ್ಗದ ಡಾಕ್ಟರಮ್ಮ. ಇದು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ, ಸೋಮಾರಿತನವಲ್ಲ ಎಂದರು. ಮಾತ್ರೆಯೆಂಬ ಅಸ್ತ್ರ ಬೇಕೆನಿಸಿದರೆ ಮುಂದೆ ನೋಡೋಣ, ಸದ್ಯಕ್ಕೆ ಕೆಲಸವನ್ನು ತುಂಡು ಮಾಡಿ ಕೊಡಿ, ನಡುನಡುವೆ ಎದ್ದು ಓಡಾಡಲು ಬಿಡಿ ಎಂದೂ ಹೇಳಿದರು.

ಅಷ್ಟರಲ್ಲಿ ಗಣಿತದ ವೀರಭದ್ರಯ್ಯ ಮೇಷ್ಟ್ರು ರಣಕಹಳೆ ಊದಿಬಿಟ್ಟರು. ತ್ರಿಕೋನಮಿತಿಯ ಲೆಕ್ಕಗಳನ್ನು ನಾಳೆ ಪೂರ್ತಿ ಮಾಡಿ ತರದಿದ್ದರೆ ಶನಿವಾರದ ತಾಲ್ಲೂಕು ಖೋಖೋ ಪಂದ್ಯಕ್ಕೆ ಇಂಚರೆಯ ಹೆಸರಿಲ್ಲ! ಆ ಹುಡುಗಿ ಬೈಸಿಕೊಳ್ಳದೆ ನಿಲ್ಲುವ ಜಾಗ ಜಗತ್ತಿನಲ್ಲಿ ಖೋಖೋ ಅಂಗಳವೊಂದೇ. ಅದನ್ನೂ ಕಿತ್ತುಕೊಂಡರೆ ಮಗು ಎಲ್ಲಿಗೆ ಹೋಗಬೇಕು ಸ್ವಾಮಿ?

ಆಗ ಎದ್ದಳು ನೋಡಿ ಅವಳ ತಾಯಿ ಪಂಕಜಾಕ್ಷಿ! ಚಿಲ್ಲರೆಕಲಹವಿಜೇತೆ, ನೂಕುನುಗ್ಗಲುಮರ್ದಿನಿ, ಕಂಠಲಂಬಿತಸೀಟಿಧಾರಿಣಿ, ಅಂದರೆ ಚಿತ್ರದುರ್ಗ ಮಾರ್ಗದ ಕೆಂಪು ಬಸ್ಸಿನ ಕಂಡಕ್ಟರು. ಆಕೆ ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಬ್ರಹ್ಮ ಬಂದು ಹೇಳಿದರೂ ಕೇಳದ ಡ್ರೈವರ್ ತಿಪ್ಪೇಶಣ್ಣ ಈ ಸೀಟಿಗೆ ಮಾತ್ರ ಹಿಂದೆಮುಂದೆ ನೋಡದೆ ತಲೆಬಾಗುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಚಾಪೆಯೆಂಬ ರಣರಂಗ ಸಜ್ಜಾಯಿತು. ಪಂಕಜಾಕ್ಷಿ ಗೀತೋಪದೇಶ ಮಾಡಿದಳು.

"ಕೇಳೇ ಇಲ್ಲಿ. ಚಿತ್ರದುರ್ಗಕ್ಕೆ ಯಾವ ಬಸ್ಸೂ ಒಂದೇ ಉಸಿರಿಗೆ ಹೋಗಲ್ಲ. ಒಂದು ಲೆಕ್ಕ, ಒಂದು ಸ್ಟಾಪು. ಸ್ಟಾಪಲ್ಲಿ ಇಳಿ, ನೀರು ಕುಡಿ, ಕುಣಿ, ಏನಾದ್ರೂ ಮಾಡ್ಕೋ. ಎರಡು ಸೀಟಿ ಕೇಳ್ತಿದ್ದಂಗೆ ಹತ್ತಿ ಕೂತ್ಕೋಬೇಕು, ಅಷ್ಟೆ."

"ಇವತ್ತು ಆ ಸೈನ್ ಥೀಟಾನ ಕಟ್ಟಿ ಹಾಕದಿದ್ರೆ ನಾನು ನಿನ್ನ ಮಗಳೇ ಅಲ್ಲ ಕಣಮ್ಮ" ಎಂದು ಇಂಚರೆ ಪೆನ್ಸಿಲನ್ನು ಝಳಪಿಸಿದಳು. ಝಳಪಿಸಿದ ರಭಸಕ್ಕೆ ಅದು ಮಂಚದಡಿ ಉರುಳಿತು. ಹುಡುಕಲು ನುಗ್ಗಿದವಳಿಗೆ ಹಳೆಯ ಗೋಲಿಯೊಂದು ಸಿಕ್ಕಿತು. ಪೆನ್ಸಿಲೂ ಮರೆತುಹೋಯಿತು, ಪ್ರತಿಜ್ಞೆಯೂ ಮರೆತುಹೋಯಿತು. ತಾಯಿ ಎರಡು ಸೀಟಿ ಊದಿದಳು. ಮಂಚದಡಿಯಿಂದ ವೀರಾಂಗನೆ ಜೇಡರಬಲೆಸಮೇತ ಹೊರಬಂದು ಕೂತಳು.

ಅಬ್ಬಾ, ಏನು ಹೇಳಲಿ ಆ ಯುದ್ಧವನ್ನು! ಸೀಟಿಗೊಮ್ಮೆ ಎದ್ದು ಅಂಗಳದಲ್ಲಿ ಓಡಿದಳು, ಸೀಟಿಗೊಮ್ಮೆ ಬಂದು ಕೂತು ಕೋನಗಳ ಕತ್ತು ಹಿಸುಕಿದಳು. ಓಣಿಯೊಳಗೆ ಬಸ್ಸು ನುಗ್ಗಿತೇ ಎಂದು ಎದುರುಮನೆಯ ಗಂಗಜ್ಜಿ ಬಂದು ವಿಚಾರಿಸಿ, ಬಂದದ್ದಕ್ಕೆ ಒಂದು ಲೋಟ ಕಾಫಿ ಕುಡಿದೇ ಹೋದಳು. ಕಡೆಯ ಲೆಕ್ಕದ ಹೊತ್ತಿಗೆ ಒಲೆಯ ಮೇಲೆ ಸಾರು ಉಕ್ಕಿತು. ಪಂಕಜಾಕ್ಷಿ ಸೀಟಿಯನ್ನು ಬಿಚ್ಚಿ ಮಗಳ ಕೊರಳಿಗೆ ಹಾಕಿದಳು.

"ಈ ಸ್ಟಾಪಿಗೆ ನೀನೇ ಕಂಡಕ್ಟರು. ಮನಸ್ಸು ಎದ್ದು ಹೋದ್ರೆ ನೀನೇ ಎರಡು ಊದಿ ಕರ್ಕೋ."

ಅಡುಗೆಮನೆಯಲ್ಲಿ ಸೌಟು ಹಿಡಿದ ತಾಯಿ ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಎರಡು ಸೀಟಿ. ಮೌನ. ಮತ್ತೆ ಎರಡು ಸೀಟಿ. ಮತ್ತೆ ಮೌನ. ಬಹಳ ಹೊತ್ತಿನ ಮೇಲೆ ಒಂದೇ ಒಂದು ಸೀಟಿ ಕೇಳಿತು. ಬಸ್ಸು ಊರು ಮುಟ್ಟಿತ್ತು. ಪಂಕಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಬೆಳಗ್ಗೆ ಇಂಚರೆ ಕೊರಳಲ್ಲಿ ಸೀಟಿ ತೂಗುಹಾಕಿಕೊಂಡೇ ಶಾಲೆಗೆ ಹಾರಿದಳು. ನೋಟ್‌ಬುಕ್ಕು ಚಾಪೆಯ ಮೇಲೇ ಉಳಿಯಿತು! ದಿನವಿಡೀ ಜನಕ್ಕೆ ಲಗೇಜು ಮರೆಯಬೇಡಿ ಎಂದು ಕೂಗುವ ತಾಯಿ, ಮಗಳಿಗೆ ಅದನ್ನು ಹೇಳಲು ಮರೆತಿದ್ದಳು. ಡ್ಯೂಟಿಗೆ ಹೊರಟಾಗ ಕಣ್ಣಿಗೆ ಬಿದ್ದದ್ದು ಪುಣ್ಯ. ಬಸ್ಸು ಶಾಲೆಯ ಮುಂದೆ ಬರುತ್ತಲೇ, ಸ್ಟಾಪಿಲ್ಲದಲ್ಲಿ, ಹಳೆಯ ಸೀಟಿಯೊಂದರಿಂದ ಒಂದು ಊದಿದಳು. ತಿಪ್ಪೇಶಣ್ಣ ಗೊಣಗುತ್ತ ನಿಲ್ಲಿಸಿದ. ಪಂಕಜಾಕ್ಷಿ ಓಡಿ ತರಗತಿಯ ಕಿಟಕಿಯಲ್ಲಿ ನೋಟ್‌ಬುಕ್ಕು ತೂರಿಸಿ, ಅಲ್ಲೇ ಸರಳು ಹಿಡಿದು ನಿಂತಳು.

ಮೇಷ್ಟ್ರು ಪುಟ ತಿರುವಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ತಿರುವಿದರು. ಕೆಂಪು ಪೆನ್ನು ಆಡಿಸಿ, ಶನಿವಾರ ಬೂಟು ಮರೀಬೇಡ ಎಂದರು. ಇಂಚರೆಗೆ ಸಂತೋಷ ತಡೆಯಲಾಗಲಿಲ್ಲ. ಕೊರಳ ಸೀಟಿ ಬಾಯಿಗಿಟ್ಟು, ಶಾಲೆಯ ಹೆಂಚು ಹಾರುವಂತೆ ಊದಿದಳು. ಎರಡು ಸಲ.

ಎರಡು ಸೀಟಿಗೆ ಹಿಂದೆಮುಂದೆ ನೋಡದ ತಿಪ್ಪೇಶಣ್ಣ ಗೇರು ಹಾಕಿ ಹೊರಟೇಬಿಟ್ಟ.

ಟಿಕೆಟ್ಟಿನ ಚೀಲ ಅಪ್ಪಿಕೊಂಡು ರಸ್ತೆಯಲ್ಲಿ ಓಡುತ್ತಿದ್ದ ಕಂಡಕ್ಟರನ್ನು ಆಟೋದವನೊಬ್ಬ ಹತ್ತಿಸಿಕೊಂಡ. ಬಸ್ಸು ನಿಮ್ಮನ್ನೇ ಬಿಟ್ಟು ಹೋಯಿತೇ ಅಕ್ಕಾ ಎಂದು ನಕ್ಕ.

"ಹೋಗ್ಲಿ ಬಿಡಪ್ಪ. ನನ್ನ ಮಗಳು ಪೂರ್ತಿ ಲೆಕ್ಕ ಮಾಡಿದಾಳೆ."

"ಎಷ್ಟಕ್ಕಾ?"

"ಐದು" ಎಂದಳು ಪಂಕಜಾಕ್ಷಿ, ಏದುಸಿರು ಬಿಡುತ್ತ. "ಅದ್ರಲ್ಲಿ ನಾಲ್ಕು ಸರಿ."