ಶತ್ರುನೌಕೆಯಲ್ಲಿ ನಾನು ಸೆರೆಸಿಕ್ಕಿದ್ದು

ಹೊಟ್ಟೆಕಿಚ್ಚು ಗೊರಕೆಯಿದ್ದ ಹಾಗೆ. ತಾನು ಗೊರಕೆ ಹೊಡೆಯುತ್ತೇನೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ; ಪಕ್ಕದಲ್ಲಿ ಮಲಗಿದವರನ್ನು ಕೇಳಿದರೆ ಮಾತ್ರ ನಿಜ ಸಂಗತಿ ಹೊರಬೀಳುತ್ತದೆ. 'ನನಗೆ ಕೋಪ ಜಾಸ್ತಿ' ಎಂದು ಹೇಳಿಕೊಳ್ಳುವುದರಲ್ಲಿ ಒಂದು ಗತ್ತಿದೆ. 'ನನಗೆ ಮರೆವು' ಎಂದರೆ ಏನೋ ದೊಡ್ಡ ವಿಷಯ ಯೋಚಿಸುವ ಮನುಷ್ಯನಿರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯನ್ನು ಕೂಡ ಮದುವೆಯ ಪಂಕ್ತಿಯಲ್ಲಿ ಜಾಂಗಿರಿ ಬಡಿಸುವವನ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಬಹುದು. ಆದರೆ 'ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು' ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ನೀವು ಕೇಳಿದ್ದೀರಾ? ನಾನು ಹೇಳುತ್ತೇನೆ. ಪ್ರಭಾಕರ ಎಂಬವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಅವನು ನನ್ನ ಪ್ರಾಣ ಉಳಿಸಿದ. ಆಮೇಲೆ ಅದು ಇನ್ನೂ ಹೆಚ್ಚಾಯಿತು.

ನಾವು ತಮಿಳುಸೀಮೆಯ ಸಿಂಗಾನಲ್ಲೂರಿನ ನೇಯ್ಗೆಯವರು. ಮುತ್ತಾತಂದಿರು ಯಾವಾಗ ಇಲ್ಲಿಗೆ ಬಂದರೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಮಗ್ಗ ಬಿಟ್ಟು ಮಿಲ್ಲು ಸೇರಿ, ನೂಲು ಸುತ್ತುವ ವಿಭಾಗದಲ್ಲಿ ಮೇಸ್ತ್ರಿಯಾದವನು. ನಮ್ಮ ಕುಲದವರದೊಂದು ಸಂಘವಿತ್ತು. ಪ್ರತಿ ವರ್ಷ ದೇವಿಯ ಹಬ್ಬಕ್ಕೆ ಸಂಘದಿಂದ ಒಂದು ಕನ್ನಡ ನಾಟಕ. ಅದರಲ್ಲಿ ರಾಜನ ಪಾತ್ರ ನನ್ನದೇ. ಕಿರೀಟ ತಡೆಯುವ ತಲೆ, ಅಂಟಿಸಬೇಕಿಲ್ಲದ ಮೀಸೆ, ಮೈಕು ಕೆಟ್ಟರೂ ಬಸ್ ನಿಲ್ದಾಣದವರೆಗೆ ಕೇಳುವ ಗಂಟಲು, ಎಲ್ಲವೂ ನನಗಿದ್ದವು. ನಮ್ಮವರಲ್ಲಿ ಹೆಚ್ಚಿನವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ನನಗೂ ಆಗ ಬರುತ್ತಿರಲಿಲ್ಲ. ಹಾಗಾಗಿ ಮಾತುಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆವು. ತಮಿಳಿನಲ್ಲಿ ಕ, ಗ, ಘ ಎಲ್ಲಕ್ಕೂ ಒಂದೇ ಅಕ್ಷರ; ತ, ದ, ಧಗಳಿಗೂ ಪ, ಬ, ಭಗಳಿಗೂ ಹಾಗೆಯೇ. 'ಘೋರ ಯುದ್ಧ' ಎನ್ನುವುದನ್ನು ನಾನು ವರ್ಷಗಟ್ಟಲೆ 'ಕೋರ ಯುತ್ತ' ಎಂದೇ ಗರ್ಜಿಸಿದೆ. ಯಾರೂ ತಪ್ಪು ಎನ್ನಲಿಲ್ಲ. ತಪ್ಪೆಂದು ತಿಳಿದವನು ಊರಿಗೇ ಬಂದಿರಲಿಲ್ಲ.

ಬಂದ. ಪ್ರಭಾಕರ ಮೈಸೂರಿನ ಕಡೆಯವನು, ನಮ್ಮ ಮಿಲ್ಲಿನ ಬಣ್ಣದ ವಿಭಾಗಕ್ಕೆ ಹೊಸದಾಗಿ ಸೇರಿದ್ದ. ಮದುವೆಯಾಗಿರಲಿಲ್ಲ. 'ಪಾಪ, ಕನ್ನಡದ ಹುಡುಗ' ಎಂದು ನಮ್ಮ ಮನೆಯ ಮಾಳಿಗೆಯ ಕೋಣೆಯನ್ನು ಅವನಿಗೆ ಕೊಟ್ಟವನು ನಾನೇ. ನನ್ನ ಹೆಂಡತಿ ಸರಸು ಅವನನ್ನು ತಂಬಿ ಎಂದಳು. ಅವನು ಅವಳನ್ನು ಅಕ್ಕ ಎಂದ. ಅದರಲ್ಲಿ ಸಂದೇಹಪಡುವಂಥದ್ದು ಏನೂ ಇರಲಿಲ್ಲ. ಆದರೆ ಅವನು ಮೆಟ್ಟಿಲ ಮೇಲೆ ನಿಂತು "ಅಕ್ಕಾ, ಸ್ವಲ್ಪ ಬಿಸಿನೀರು ಸಿಗಬಹುದೇ?" ಎಂದು ಕೇಳಿದಾಗ, ಸರಸು ಒಲೆಯ ಮುಂದೆ ನಿಂತವಳು ಹಾಡು ಕೇಳಿದವಳ ಹಾಗೆ ತಲೆದೂಗಿದಳು. "ಏನುಂಗ," ಎಂದು ನನ್ನನ್ನು ಕರೆದಳು. ನಮ್ಮ ಕಡೆ ಹೆಂಡತಿಯರು ಗಂಡನನ್ನು ಕರೆಯುವುದೇ ಹಾಗೆ. "ನೀರು ಕೇಳೋದು ಕೂಡ ಎಷ್ಟು ಅಳಗಾಗಿ ಕೇಳ್ತಾರೆ ನೋಡಿಂಗ!" ಅಳಗು ಎಂದರೆ ಚೆಂದ. ನಾನು ಆ ಮನೆಯಲ್ಲಿ ಹದಿನೈದಿಪ್ಪತ್ತು ವರ್ಷದಿಂದ ನೀರು ಕೇಳುತ್ತಿದ್ದೇನೆ.

ಆ ವರ್ಷ ಸಂಘದ ಹುಡುಗರು ರಾಜರು ಸಾಕು ಎಂದರು. ನಮ್ಮ ದೇಶದವನೊಬ್ಬ ಆಕಾಶಕ್ಕೆ ಹೋಗಿ ಬಂದಿದ್ದು ಎಲ್ಲರ ಬಾಯಲ್ಲೂ ಇತ್ತು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಪಳನಿಸಾಮಿ ಒಂದು ಗಗನನೌಕೆಯ ನಾಟಕ ಬರೆದ. ಭೂಮಿಯ ಮಹಾವಿಜ್ಞಾನಿಯನ್ನು ಶತ್ರುಗಳು ಹಿಡಿದು ತಮ್ಮ ನೌಕೆಯಲ್ಲಿ ಕಟ್ಟಿಹಾಕಿದ್ದಾರೆ. ನಮ್ಮ ನೌಕೆಯ ಕ್ಯಾಪ್ಟನ್ ತನ್ನ ಸಿಬ್ಬಂದಿಯೊಂದಿಗೆ ಶತ್ರುನೌಕೆಗೆ ನುಗ್ಗಿ ಬಿಡಿಸಿ ತರಬೇಕು. ಕತೆ ಕೇಳುತ್ತಲೇ ನಾನು ಮೀಸೆ ನೇವರಿಸಿಕೊಂಡು, ಕ್ಯಾಪ್ಟನ್ ನಡೆಯುವುದು ಹೇಗೆಂದು ಮನಸ್ಸಿನಲ್ಲೇ ನಡೆದು ನೋಡುತ್ತಿದ್ದೆ.

"ರಾಮಲಿಂಗಣ್ಣಾ, ಕ್ಯಾಪ್ಟನ್‌ಗೆ ಪ್ರಭಾಕರ್ ಸಾರನ್ನ ಹಾಕಿದ್ದೀನಿ," ಎಂದ ಪಳನಿಸಾಮಿ. "ನೀವು ವಿಜ್ಞಾನಿ. ಕತೆ ಪೂರಾ ನಿಮ್ಮನ್ನೇ ಸುತ್ತುತ್ತೆ ಅಣ್ಣಾ!"

ಸುತ್ತಿದ್ದು ನಿಜ. ನಾನು ನಡುವೆ ಕುರ್ಚಿಗೆ ಬಿಗಿಸಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದೆ. ಉಳಿದವರು ಸುತ್ತ ಓಡಾಡಿಕೊಂಡು ಮಾತಾಡುತ್ತಿದ್ದರು. ಬಸ್ ನಿಲ್ದಾಣಕ್ಕೆ ಕೇಳುವ ಗಂಟಲಿಗೆ ಆ ವರ್ಷ ಸಿಕ್ಕಿದ್ದು "ಊಂ, ಊಂ" ಮಾತ್ರ.

ನಾಟಕದಲ್ಲಿ ಎಲ್ಲರೂ ಮೆಚ್ಚಿದ ದೃಶ್ಯ ದಾಳಿಯದ್ದಲ್ಲ, ದಾಳಿಗೆ ಮುಂಚಿನ ಸಿದ್ಧತೆಯದ್ದು. ಕೇರಂ ಬೋರ್ಡನ್ನು ಶತ್ರುನೌಕೆಯ ನಕ್ಷೆ ಎಂದು ಇಟ್ಟುಕೊಂಡು, ಕಪ್ಪು ಕಾಯಿಗಳನ್ನು ಕಾವಲುಗಾರರೆಂದು ಜೋಡಿಸಿ, ಕ್ಯಾಪ್ಟನ್ ತನ್ನ ಸಿಬ್ಬಂದಿಗೆ ಎಲ್ಲಿಂದ ನುಗ್ಗುವುದು, ಯಾರು ಬಾಗಿಲು ಕಾಯುವುದು ಎಂದು ವಿವರಿಸುತ್ತಾನೆ. ಕೊನೆಗೆ ಎದ್ದು ನಿಂತು ಹೇಳುತ್ತಾನೆ: "ಗೆಳೆಯರೇ, ನಾವು ಹಿಂದಿರುಗಿ ಬರುತ್ತೇವೆಂಬ ಭರವಸೆ ನನಗಿಲ್ಲ. ಮನೆಯಲ್ಲಿ ದಾರಿ ಕಾಯುವವರು ಇರುವವರು ಇಲ್ಲಿಯೇ ಉಳಿಯಬಹುದು." ಸಿಬ್ಬಂದಿಯೆಲ್ಲ ಎದೆಯ ಮೇಲೆ ಕೈಯಿಟ್ಟು "ಪ್ರಾಣ ಕೊಟ್ಟೇವು, ನಿಮ್ಮನ್ನು ಬಿಡೆವು" ಎನ್ನುತ್ತಾರೆ. ಪ್ರಭಾಕರನ ಬಾಯಲ್ಲಿ ಆ 'ಭರವಸೆ'ಯ ಭ ಎಷ್ಟು ತುಂಬಿ ಬರುತ್ತಿತ್ತೆಂದರೆ, ಅಭ್ಯಾಸ ನೋಡಲು ಬಂದ ಹೆಂಗಸರೆಲ್ಲ ಸೆರಗು ಕಣ್ಣಿಗೆ ತರುತ್ತಿದ್ದರು. ಸರಸುವೂ ಅಳುತ್ತಿದ್ದಳು. ಅವಳ ಗಂಡ ಕಟ್ಟಿಸಿಕೊಂಡು ಕೂತದ್ದು ವೇದಿಕೆಯ ನಡುವೆ, ಅವಳು ಅಳುತ್ತಿದ್ದದ್ದು ಕ್ಯಾಪ್ಟನ್ ನಿಂತ ಮೂಲೆಯನ್ನು ನೋಡಿಕೊಂಡು. ಅಭ್ಯಾಸ ಮುಗಿದ ಮೇಲೆ ಡಬ್ಬಿಯಲ್ಲಿ ಪಣಿಯಾರ ತಂದು ಹಂಚುತ್ತಿದ್ದಳು. "ತಂಬಿ, ಇನ್ನೂ ರೆಂಡು ತಗೊಳ್ಳಿ, ಉಸಿರು ಕಟ್ಟಿ ಮಾತಾಡ್ತೀರಿ." ನನ್ನ ಬಾಯಿಯ ಬಟ್ಟೆ ಬಿಚ್ಚುವಷ್ಟರಲ್ಲಿ ಡಬ್ಬಿಯಲ್ಲಿ ಎಣ್ಣೆ ಮಾತ್ರ ಉಳಿದಿರುತ್ತಿತ್ತು.

ಸಮವಸ್ತ್ರ ಹೊಲಿಯುವ ಕೆಲಸವೂ ಸರಸುವಿನ ಪಾಲಿಗೆ ಬಂತು, ಮನೆಯಲ್ಲಿ ಹೊಲಿಗೆ ಯಂತ್ರವಿದ್ದುದರಿಂದ. ಬೆಳ್ಳಿಯಂತೆ ಹೊಳೆಯುವ ಬಟ್ಟೆ ತಂದಿದ್ದರು. ಪ್ರಭಾಕರ ಕೈಗಳನ್ನು ಅಗಲಿಸಿ ಸಂಕೋಚದಿಂದ ನಿಂತಿದ್ದ. "ಏನುಂಗ, ಸುಮ್ನೆ ನಿಂತ್ಕೊಂಡು ನೋಡ್ತೀರಲ್ಲ, ಈ ಟೇಪಿನ ತುದಿ ಹಿಡ್ಕೊಳ್ಳಿಂಗ," ಎಂದಳು. ಅವನ ಎದೆಯ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅವಳು. "ಅಬ್ಬಾ, ಎದೆ ರೊಂಬ ಅಗಲ!" ಎಂದಳು. ನಾನು ಟೇಪನ್ನು ಸ್ವಲ್ಪ ಬಿಗಿಯಾಗಿಯೇ ಎಳೆದೆ. "ನನ್ನ ಅಳತೆ?" ಎಂದು ಕೇಳಿದೆ. "ನಿಮ್ಗೆ ಯಾತಕ್ಕುಂಗ ಅಳತೆ? ಸೆರೆಯಾಳು ತಾನೆ. ಆ ಕಿತ್ತೋದ ವೇಷ್ಟಿ ಇದೆಯಲ್ಲ, ಅದು ಸರಿಯಾಗಿರುತ್ತೆ."

ನಾನು ಪಳನಿಸಾಮಿಯ ಬೆನ್ನು ಹತ್ತಿದೆ. ಒಂದಾದರೂ ಮಾತು ಬೇಕು ಎಂದೆ. ನಾಲ್ಕು ದಿನ ಬಿಡದೆ ಕಾಡಿದ ಮೇಲೆ ಅವನು ಒಂದು ಮಾತು ಬರೆದುಕೊಟ್ಟ. ಕ್ಯಾಪ್ಟನ್ ಕಟ್ಟು ಬಿಚ್ಚಿದ ಮೇಲೆ ನಾನು ಅವನ ಕೈ ಹಿಡಿದು ಹೇಳಬೇಕು: "ಕ್ಯಾಪ್ಟನ್, ನೀವು ಬಂದಿರಾ! ನಿಮ್ಮ ಋಣವನ್ನು ನಾನು ಹೇಗೆ ತೀರಿಸಲಿ?" ಇದಕ್ಕಿಂತ ಬಾಯಿಗೆ ಬಟ್ಟೆಯೇ ಮೇಲಾಗಿತ್ತು. ಎಷ್ಟು ಅಭ್ಯಾಸ ಮಾಡಿದರೂ 'ನೀವು ಬಂದಿರಾ' ಎನ್ನುವುದು, ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟನನ್ನು ಕೇಳಿದ ಹಾಗೆಯೇ ಕೇಳುತ್ತಿತ್ತು. "ಅಣ್ಣಾ, ಕೊಂಚ ಸಂತೋಷ ಬರ್ಲಿ," ಎಂದು ಪಳನಿಸಾಮಿ ಕೈ ಮುಗಿಯುತ್ತಿದ್ದ.

ಹಬ್ಬದ ಸಂಜೆ ಮೈದಾನ ತುಂಬಿತ್ತು. ಸಿರುಮುಗೈಯಿಂದ ಸರಸುವಿನ ತವರಿನವರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಶತ್ರುನೌಕೆಯನ್ನು ನೂಲಿನ ಡಬ್ಬಗಳ ರಟ್ಟಿನಿಂದ ಕಟ್ಟಿ, ಮೇಲೆ ಬೆಳ್ಳಿ ಕಾಗದ ಅಂಟಿಸಿ, ಬಣ್ಣದ ಬಲ್ಬು ಸಿಕ್ಕಿಸಿದ್ದೆವು. ಆಕಾಶದ ಮೋಡಗಳಿಗೆ ಮಿಲ್ಲಿನವರ ಊರಿನಲ್ಲಿ ಹತ್ತಿಗೇನು ಬರ? ನನ್ನ ಕುರ್ಚಿಯ ಹಿಂದೆ, ಪಕ್ಕದಲ್ಲಿ, ಮೇಲೆ, ಎಲ್ಲಿ ನೋಡಿದರೂ ಹತ್ತಿ. ಸಿದ್ಧತೆಯ ದೃಶ್ಯ ಎಂದಿನಂತೆ ಎಲ್ಲರನ್ನೂ ಅಳಿಸಿತು. ಆಮೇಲೆ ದಾಳಿ. ಶತ್ರುಗಳಲ್ಲಿ ಒಬ್ಬ, ಕಿರಣದ ಬಂದೂಕಿಗೆ ಹೊಳಪು ಸಾಲದೆಂದು ಯಾರಿಗೂ ಹೇಳದೆ ಅದರ ತುದಿಗೆ ಸುರುಸುರುಬತ್ತಿ ಸಿಕ್ಕಿಸಿಕೊಂಡು ಬಂದಿದ್ದ. ಹಚ್ಚಿ ಬೀಸಿದ. ಮೋಡಕ್ಕೆ ಬೆಂಕಿ ಹತ್ತಿತು.

ಹತ್ತಿಗೆ ಬೆಂಕಿ ಬಿದ್ದರೆ ಹೇಗೆ ಓಡುತ್ತದೆಂದು ಮಿಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಪ್ರಾಣ ಕೊಟ್ಟೇವು ಎಂದು ಆಗತಾನೆ ಎದೆ ಮುಟ್ಟಿಕೊಂಡಿದ್ದ ಸಿಬ್ಬಂದಿ ಎಲ್ಲರಿಗಿಂತ ಮೊದಲು ವೇದಿಕೆಯಿಂದ ಹಾರಿತು. ಅವರ ಹಿಂದೆಯೇ ಶತ್ರುಗಳು. ನಾನು ಕುರ್ಚಿಯಲ್ಲಿ. ಸಡಿಲವಾಗಿ ಕಟ್ಟಿದರೆ ನಟನೆಗೆ ಅವಮಾನವೆಂದು ಬಿಗಿಯಾಗಿಯೇ ಕಟ್ಟಿಸಿಕೊಂಡಿದ್ದೆ. ಬೆನ್ನು ಸುಡತೊಡಗಿತು. "ಊಂ! ಊಂ!" ಎಂದು ಜೀವ ಹೋಗುವಂತೆ ಕೂಗಿದೆ. ಜನ ಚಪ್ಪಾಳೆ ತಟ್ಟಿದರು. ಹೊಗೆಯ ನಡುವೆ ಮುಂದಿನ ಸಾಲಿನಲ್ಲಿ ಸರಸು ಎದ್ದು ನಿಂತದ್ದು ಕಂಡಿತು. ಇದು ನಾಟಕವಲ್ಲವೆಂದು ಇಡೀ ಮೈದಾನದಲ್ಲಿ ಗೊತ್ತಾದದ್ದು ಅವಳೊಬ್ಬಳಿಗೇ. "ಅಯ್ಯೋ, ನಿಜ ಬೆಂಕಿ! ಅವ್ರನ್ನ ಬಿಚ್ಚಿಂಗ!" ಎಂದು ಚೀರುತ್ತಿದ್ದಳು.

ಆಗ ಹೊಗೆಯೊಳಗಿಂದ ಪ್ರಭಾಕರ ಬಂದ. ಹೀರೋ ಬರುವ ಹಾಗೆ ಬರಲಿಲ್ಲ. ಕೆಮ್ಮುತ್ತ, ಎಡವುತ್ತ, ಬೆವರುತ್ತ ಬಂದ. ಗಂಟು ಬಿಚ್ಚಲು ನೋಡಿದ. ಅವನ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ನನಗಿಂತ ಹೆಚ್ಚಾಗಿ ಅವನು ಹೆದರಿದ್ದ. ಗಂಟು ಜಗ್ಗಲಿಲ್ಲ. ಅವನು ಕುರ್ಚಿಯನ್ನೇ ತಬ್ಬಿಕೊಂಡು, ನನ್ನ ಸಮೇತ ಎತ್ತಿ, ಮೆಟ್ಟಿಲು ಇಳಿದು ಮೈದಾನದ ನಡುವೆ ಇಟ್ಟ. ನಾನೇನು ಹಗುರದವನಲ್ಲ. ಹಿಂದೆ ಜನ ಕುಡಿಯುವ ನೀರಿನ ಡ್ರಮ್ಮನ್ನೇ ಬೆಂಕಿಗೆ ಉರುಳಿಸಿದರು. ಯಾರಿಗೂ ಏನೂ ಆಗಲಿಲ್ಲ. ನನ್ನ ವೇಷ್ಟಿ ಸುಟ್ಟಿತು, ಅವನ ಹುಬ್ಬು ಅರ್ಧ ಹೋಯಿತು. ಅವನು ನನ್ನ ಬಾಯಿಯ ಬಟ್ಟೆ ಬಿಚ್ಚಿದ. ನನ್ನ ಬಾಯಿಂದ ತಾನಾಗಿಯೇ ಬಂತು: "ಕ್ಯಾಪ್ಟನ್, ನೀವು ಬಂದಿರಾ!" ಮುಂದಿನ ಮಾತು ಅಳುವಿನಲ್ಲಿ ಮುಳುಗಿತು. ದೂರದಲ್ಲಿ ಪಳನಿಸಾಮಿ, ಒದ್ದೆ ಗೋಣಿಚೀಲ ಕೈಯಲ್ಲಿ ಹಿಡಿದವನು, "ಹೀಗೇ! ಹೀಗೇ ಅಣ್ಣಾ!" ಎಂದು ಕೂಗಿದ.

ಸರಸು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು, ಮೊದಲು ಅವನಿಗೆ. "ನನ್ನ ತಾಳಿ ಉಳ್ಸಿದ ಸಾಮಿ," ಎಂದು ಅತ್ತಳು. ನನಗೆ ಒಂದು ಗಳಿಗೆ ಹಿತವಾಯಿತು. ಆಮೇಲೆ ಹಿಂಸೆ ಶುರುವಾಯಿತು. ಮೊದಲಾದರೆ ಒಬ್ಬನೇ ಮೂಲೆಯಲ್ಲಿ ಕೂತು ಮನಸಾರೆ ಅವನನ್ನು ಬಯ್ಯಬಹುದಿತ್ತು. ಈಗ ಅದಕ್ಕೂ ನಾಚಿಕೆ. ಪ್ರಾಣ ಉಳಿಸಿದವನ ಮೇಲೆ ಹೊಟ್ಟೆಕಿಚ್ಚುಪಡುವವನ ಪರವಾಗಿ ಅವನ ಸ್ವಂತ ಮನಸ್ಸೊಳಗೆ ಕೂಡ ಯಾರೂ ಮಾತಾಡುವುದಿಲ್ಲ. ಸರಸು ಅವನ ಬಳಿ ಕನ್ನಡ ಅಕ್ಷರ ಕಲಿಯತೊಡಗಿದಳು. ಅವಳೊಬ್ಬಳೇ ಕಲಿತುಬಿಟ್ಟಾಳೆಂದು ನಾನೂ ಸ್ಲೇಟು ಹಿಡಿದು ಕೂತೆ. ನೀವು ಇದನ್ನು ಕನ್ನಡದಲ್ಲಿ ಓದುತ್ತಿದ್ದೀರಿ ಎಂದರೆ, ಅದೂ ಅವನ ಉಪಕಾರವೇ.

ಮುಂದಿನ ವರ್ಷ ಜನರೆಲ್ಲ ಅದೇ ನಾಟಕ ಬೇಕೆಂದರು. ಪ್ರಭಾಕರ ತಾನಾಗಿ ಎದ್ದು ಹೇಳಿದ: "ಈ ಸಲ ಅಣ್ಣನೇ ಕ್ಯಾಪ್ಟನ್ ಆಗಲಿ. ನನ್ನನ್ನು ಕಟ್ಟಿಹಾಕಿ." ಒಳ್ಳೆಯತನದಲ್ಲೂ ಅವನೇ ಮುಂದೆ! ಸರಸು ಬೆಳ್ಳಿ ಬಟ್ಟೆಯ ಎರಡೂ ಪಕ್ಕ ಬಿಚ್ಚಿ, ಬೇರೆ ಬಟ್ಟೆಯ ಪಟ್ಟಿ ಸೇರಿಸಿ ನನಗೆ ಹಿಡಿಸಿದಳು. ಹತ್ತಿಯನ್ನು ಮೈದಾನದ ಹತ್ತಿರಕ್ಕೂ ಬಿಡಲಿಲ್ಲ. ಸಿದ್ಧತೆಯ ದೃಶ್ಯದಲ್ಲಿ ನಾನು 'ಭರವಸೆ'ಯ ಭಕ್ಕೆ ಎಷ್ಟು ಉಸಿರು ಹಾಕಿದೆನೆಂದರೆ ಕೇರಂ ಬೋರ್ಡಿನ ಪುಡಿ ಹಾರಿತು. ಒಬ್ಬರೂ ಅಳಲಿಲ್ಲ. ಎಲ್ಲರೂ ಮುಂದಿನದಕ್ಕೆ ಕಾಯುತ್ತಿದ್ದರು. ನಾನು ಶತ್ರುನೌಕೆಗೆ ನುಗ್ಗಿ, ನಾಟಕದಲ್ಲಿ ಬರೆದಿದ್ದ ಹಾಗೆ ಗಂಟಿಗೆ ಕೈ ಹಾಕಿದೆ. ಹಿಂದಿನ ಸಾಲಿನಿಂದ ಒಂದು ದನಿ ಬಂತು: "ತೂಕ್ಕುಂಗ!" ಎತ್ತಿ ಎಂದು ಅರ್ಥ. ಆಮೇಲೆ ಇಡೀ ಮೈದಾನ ಕೂಗಿತು, "ತೂಕ್ಕುಂಗ! ತೂಕ್ಕುಂಗ!" ಕುರ್ಚಿಯಲ್ಲಿದ್ದ ಪ್ರಭಾಕರ ಬಾಯಿಯ ಬಟ್ಟೆಯ ಮೇಲಿಂದ ಕಣ್ಣಗಲಿಸಿ ಬೇಡ ಬೇಡ ಎಂದು ತಲೆಯಾಡಿಸಿದ. ಆ ಬೇಡವೇ ನನ್ನನ್ನು ಕೆಡಿಸಿದ್ದು.

ಎತ್ತಿದೆ. ಒಂದು ಗೇಣು ಎದ್ದಿತು. 'ಚಟಕ್' ಎಂಬ ಸದ್ದು ಬಂತು. ಕುರ್ಚಿ ಮುರಿಯಿತೆಂದು ನಾನು ತಿಳಿದೆ. ಕುರ್ಚಿ ಗಟ್ಟಿಯಾಗಿತ್ತು. ಅದನ್ನು ಅವನ ಸಮೇತ ಧೊಪ್ಪೆಂದು ಬಿಟ್ಟು, ಬಗ್ಗಿದವನು ಬಗ್ಗಿದ ಹಾಗೆಯೇ ನಿಂತೆ. ಪ್ರಭಾಕರ ಈ ಸಲ ಸಡಿಲವಾಗಿಯೇ ಕಟ್ಟಿದ್ದ ಹಗ್ಗವನ್ನು ತಾನೇ ಕಳಚಿಕೊಂಡು ಎದ್ದ, ನನ್ನನ್ನು ಅದೇ ಕುರ್ಚಿಯಲ್ಲಿ ಮೆಲ್ಲಗೆ ಕೂರಿಸಿದ, ಕುರ್ಚಿ ಸಮೇತ ಎತ್ತಿಕೊಂಡು ಮೆಟ್ಟಿಲು ಇಳಿದ. ಮೈದಾನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮನೆಯಲ್ಲಿ ಚಾಪೆಯ ಮೇಲೆ ಕವುಚಿ ಮಲಗಿದ್ದೆ. ಸರಸು ಬಿಸಿ ಎಣ್ಣೆ ಹಚ್ಚಿ ಸೊಂಟ ನೀವುತ್ತಿದ್ದಳು. ಆಮೇಲೆ ಮೃದುವಾಗಿ, "ಏನುಂಗ, ಒಂದು ಕೇಳ್ತೀನಿ, ಕೋಪ ಮಾಡ್ಕೋಬಾರ್ದು," ಎಂದಳು. ನನ್ನ ಕಣ್ಣು ತುಂಬಿ ಬಂತು. "ಕೇಳು ಸರಸು," ಎಂದೆ. "ನೀವು ಧೊಪ್ಪಂತ ಬಿಟ್ರಲ್ಲ, ಪ್ರಭಾಕರ್ ತಂಬಿಗೆ ಎಲ್ಲೂ ಪೆಟ್ಟಾಗ್ಲಿಲ್ಲ ತಾನೆ?"

ಅಷ್ಟರಲ್ಲಿ ಬಾಗಿಲ ಬಳಿ, "ಅಕ್ಕಾ, ಮುಲಾಮು ತಂದಿದ್ದೇನೆ, ಒಳಗೆ ಬರಬಹುದೇ?" ಎಂಬ ದನಿ ಕೇಳಿತು. ನೆಲಕ್ಕೆ ಮುಖ ಮಾಡಿ ಮಲಗಿದ್ದ ನನಗೆ ಅವನ ಪಾದಗಳು ಮಾತ್ರ ಕಾಣುತ್ತಿದ್ದವು. ಅವು ಕೂಡ ಎಷ್ಟು ಚೆನ್ನಾಗಿದ್ದವು!