‘ಪ್ರೂಫ್ ಎಲ್ಲಿ?’ ಅನ್ನುವವಳ ಪಾಡು

ನಾನು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಯಾರು ಏನೇ ಹೇಳಲಿ, ‘ಪ್ರೂಫ್ ಎಲ್ಲಿ?’ ಅಂತ ಕೇಳುವ ಚಾಳಿ. ಗುಜರಾತಿಗೆ ಬಂದು ಹದಿನಾಲ್ಕು ವರ್ಷವಾಯಿತು. ಬೇರೆಯವರ ಒಂದು ಮೂಢನಂಬಿಕೆಯನ್ನೂ ಬಿಡಿಸಿದ್ದಿಲ್ಲ. ನಾನೇ ಪೆದ್ದಿಯಾದ ಪ್ರಸಂಗಗಳಿಗೆ ಮಾತ್ರ ಬರವಿಲ್ಲ.

ವಿಷದ ಲೋಟ

ಆಗ ಅಹಮದಾಬಾದಿನ ನರೋಡಾದಲ್ಲಿದ್ದೆವು. ಒಂದು ಭಾನುವಾರ ಟೈ ಕಟ್ಟಿಕೊಂಡ ಸೇಲ್ಸ್‌ಮನ್ ಬಂದ. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಫಿಲ್ಟರ್ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಅದ್ದಿದ. ನಮ್ಮ ನೀರು ಕಂದುಬಣ್ಣಕ್ಕೆ ತಿರುಗಿ ಕೆಸರು ತೇಲಿತು. ಅವನದು ತಿಳಿಯಾಗೇ ಇತ್ತು.

“ನೋಡಿ ಬೆನ್” ಅಂದ, ಅಂದರೆ ಅಕ್ಕ. “ಸೈನ್ಸ್! ದಿನಾ ಈ ವಿಷಾನೇ ಕುಡೀತಿದ್ದೀರಿ.”

ಅಲ್ಲೇ ಫಿಲ್ಟರ್ ಕೊಂಡೆ.

ಮರುದಿನ ಲ್ಯಾಬಿನಲ್ಲಿ ಇದನ್ನು ಹೇಳಿದರೆ, ನನ್ನ ಕೈಕೆಳಗಿನ ಕೆಮಿಸ್ಟ್ ಮೆಲ್ಲಗೆ ಕೇಳಿದಳು: “ಮೇಡಂ, ಕಡ್ಡಿ ಕಬ್ಬಿಣದ್ದಾ? ಹಾಗಿದ್ರೆ ಅದು ಕಡ್ಡಿಯ ತುಕ್ಕು. ಫಿಲ್ಟರ್ ನೀರಲ್ಲಿ ಉಪ್ಪಿನಂಶ ಕಮ್ಮಿ, ಕರೆಂಟ್ ಹರಿಯಲ್ಲ, ಅಷ್ಟೇ.”

“ಇದೆಲ್ಲ ಯಾರು ಹೇಳಿಕೊಟ್ರು ನಿನಗೆ?”

“ನೀವೇ ಮೇಡಂ. ಹೋದ ವಾರ.”

ನಿಂಬೆಹಣ್ಣಿನ ಪ್ರಯೋಗ

ವಡೋದರಾಕ್ಕೆ ಮನೆ ಬದಲಾಯಿಸಿದ ಮೇಲಿನ ಮಾತು. ಸೂರತ್‌ನ ಕತಾರ್‌ಗಾಮ್‌ನಲ್ಲಿ ಗೆಳತಿಯ ಗಂಡ ವಜ್ರಕ್ಕೆ ಪಾಲಿಶ್ ಮಾಡಿಸುತ್ತಾರೆ. ಅವರ ಕಾರ್ಖಾನೆ ನೋಡಲು ಹೋದೆ. ಬಾಗಿಲಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿತ್ತು. “ಇದನ್ನ ಕಟ್ಟಿದ ಮೇಲೆ ಒಂದು ವಜ್ರವೂ ಬಿರುಕು ಬಿಟ್ಟಿಲ್ಲ” ಅಂದರು ಹಿರಿಯ ಕೆಲಸಗಾರರೊಬ್ಬರು.

“ಕಾಕಾ, ಬಿಚ್ಚಿ ನೋಡದೆ ಹೇಗೆ ಗೊತ್ತಾಗುತ್ತೆ?” ಅಂತ ಹಟಮಾಡಿ ಬಿಚ್ಚಿಸಿದೆ.

ಹತ್ತೇ ನಿಮಿಷಕ್ಕೆ ಕರೆಂಟ್ ಹೋಯಿತು. ಮಷೀನುಗಳೆಲ್ಲ ನಿಂತವು. ಎಲ್ಲರೂ ನನ್ನನ್ನೇ ನೋಡಿದರು.

“ಒಂದು ಸಲ ಆದದ್ದು ಪ್ರೂಫ್ ಅಲ್ಲ. ಇನ್ನೊಂದು ಸಲ ಮಾಡಿ ನೋಡ್ಬೇಕು” ಅಂದೆ.

“ಆಗಲಿ ಬೆನ್” ಅಂದರು ಕಾಕಾ, “ಈ ಸಲ ನಿಮ್ಮ ಕಾರಿನದ್ದು ಬಿಚ್ಚೋಣ.”

ಕಾರಿನ ಮುಂದೆ ನಮ್ಮತ್ತೆ ಕಟ್ಟಿದ್ದ ನಿಂಬೆಹಣ್ಣಿತ್ತು. ವಡೋದರಾ ತನಕ ಹೈವೇಯಲ್ಲಿ ನಾನೇ ಓಡಿಸಬೇಕಿತ್ತು.

“ಬೇಡ ಕಾಕಾ” ಅಂದೆ, “ನಾನು ಮನೆ ಸೇರಬೇಕು.”

ಬೈಸಿಕೊಂಡ ಗಿಡ

ಹೊಗಳಿದರೆ ಗಿಡ ಬೆಳೆಯುತ್ತೆ, ಬೈದರೆ ಬಾಡುತ್ತೆ, ‘ಸೈಂಟಿಫಿಕಲಿ ಪ್ರೂವ್ಡ್’ ಅನ್ನುವ ವಿಡಿಯೋವನ್ನು ಆರನೇ ಕ್ಲಾಸಿನ ಮಗಳು ನೋಡಿದ್ದಳು. “ನೀನೇ ಮಾಡಿ ನೋಡು” ಅಂತ ಒಂದೇ ಎತ್ತರದ ಎರಡು ಟೊಮೆಟೊ ಗಿಡ ತಂದುಕೊಟ್ಟೆ. ಒಂದೇ ಬಿಸಿಲು, ಒಂದೇ ಅಳತೆ ನೀರು.

ಒಂದನ್ನು ಗುಜರಾತಿಯಲ್ಲಿ ಮುದ್ದು ಮಾಡಿದಳು, ಇನ್ನೊಂದನ್ನು ಕನ್ನಡದಲ್ಲಿ ಬೈದಳು. ಇಲ್ಲೇ ಬೆಳೆದವಳಿಗೆ ಕನ್ನಡ ಅಷ್ಟಕ್ಕಷ್ಟೇ. ಬೈಗುಳ ಮಾತ್ರ ಒಂದು ತಪ್ಪಿಲ್ಲದೆ ಬರುತ್ತಿತ್ತು: “ಏಳೇ ಸೋಮಾರಿ, ಹೊತ್ತು ನೆತ್ತಿಗೇರಿತು!” ನನ್ನದೇ ಮಾತು, ನನ್ನದೇ ರಾಗ.

ಕೇಳಿ ಕೇಳಿ ನನಗೆ ಕರುಳು ಚುರುಕ್ ಅಂತು. ಅವಳು ಸ್ಕೂಲಿಗೆ ಹೋದಾಗ ಆ ಗಿಡಕ್ಕೆ ಕದ್ದು ಗೊಬ್ಬರ ಹಾಕತೊಡಗಿದೆ. ಮೂರು ವಾರದಲ್ಲಿ ಅದು ಮೊಳ ಬೆಳೆಯಿತು. ಮುದ್ದಿನ ಗಿಡ ಇದ್ದಷ್ಟೇ ಇತ್ತು.

ಸ್ಕೂಲಿನ ವಿಜ್ಞಾನ ಪ್ರದರ್ಶನದಲ್ಲಿ ತೀರ್ಪುಗಾರರು ಕೇಳಿದರು: “ಇದರಿಂದ ಏನು ತಿಳೀತು ಮಗೂ?”

“ಮಮ್ಮಿಯ ಬೈಗುಳ ಕೇಳಿದ್ರೆ ಬೆಳವಣಿಗೆ ಆಗುತ್ತೆ.”

“ಒಂದೇ ಗಿಡ ನೋಡಿ ಹಾಗನ್ನಬಹುದಾ?”

ಇನ್ನು ಗೊಬ್ಬರದ ಗುಟ್ಟು ಒಪ್ಪಿಕೊಳ್ಳುವುದೇ ಸರಿ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನ ಕೈಹಿಡಿದು ಮುಂದಕ್ಕೆಳೆದಳು.

“ಒಂದಲ್ಲ ಸರ್, ಮೂರು. ಗಿಡ, ನಾನು, ಪಪ್ಪ. ನಾವಿಬ್ಬರು ಉದ್ದಕ್ಕೆ ಬೆಳೆದ್ವಿ, ಪಪ್ಪ ಅಡ್ಡಕ್ಕೆ.”